ಮಗ ಕೇಳೋ ಗಲಾಟೆಯಲ್ಲಿ ಫಿಲಾಸಫಿ ಎಲ್ಲಿದೆ?

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಮೂರನೇ ವರ್ಷ. ರೂಮಿನ ಬಾಗಿಲು ಹಾಕ್ಕೊಂಡು ಅಟ್ ದಿ ಗೇಟ್ಸ್ ಅನ್ನೋ ಸ್ವೀಡನ್ ಬ್ಯಾಂಡ್ ಕೇಳ್ತಾನೆ. ಹಾಡೋದಲ್ಲ ಅದು, ಕಿರುಚೋದು. ಏನೋ ಇದು ಅಂದ್ರೆ "ಅಮ್ಮ, ಇದು ಫಿಲಾಸಫಿ ಆಲ್ಬಂ, ನಿಂಗೆ ಗೊತ್ತಾಗಲ್ಲ" ಅಂತಾನೆ. ಹೆಸರು ದಿ ನೈಟ್‌ಮೇರ್ ಆಫ್ ಬೀಯಿಂಗ್ ಅಂತೆ. ಲಿರಿಕ್ಸ್ ಹುಡುಕಿ ಓದಿದೆ, ಸಾವು, ಶೂನ್ಯ, ಇರೋದೇ ಒಂದು ಕೆಟ್ಟ ಕನಸು ಅನ್ನೋ ಥರ. ಇದ್ರಲ್ಲಿ ನಿಜವಾಗ್ಲೂ ಫಿಲಾಸಫಿ ಇದ್ಯಾ? ನಾನು ಹೆದರ್ಕೋಬೇಕಾ? (ಹಾಸನದಿಂದ ಒಬ್ಬ ಓದುಗರು)

ಉತ್ತರ:

ನಮಸ್ಕಾರ ಅಕ್ಕ. ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನಮ್ಮಮ್ಮ ನೆನಪಾದ್ರು. ಕ್ಯಾಸೆಟ್ ಕಾಲದಲ್ಲಿ ನಾನು ಇಂಥದ್ದೇ ಏನೋ ಹಾಕಿದ್ರೆ ಅಡುಗೆಮನೆಯಿಂದ ಬಂದು ಒಂದು ಮಾತೂ ಆಡದೆ ಟೇಪ್ ರೆಕಾರ್ಡರ್ ಪ್ಲಗ್ ಕಿತ್ತು ವಾಪಸ್ ಹೋಗೋರು, ಅಷ್ಟೇ ವಿಮರ್ಶೆ. ಮುಂದೆ ನಾನು ಫಿಲಾಸಫಿ ಎಂಎ ಮಾಡಿ ಇಪ್ಪತ್ತು ವರ್ಷದ ಮೇಲೆ ಡಿಗ್ರಿ ಕಾಲೇಜಲ್ಲಿ ಪಾಠ ಮಾಡಿದ್ದೂ ಆಯ್ತು, ಮಾರ್ಚ್ 2007ರಲ್ಲಿ ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸಿಗೆ ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಬಂದಾಗ ಧೂಳಲ್ಲಿ ಗಂಟಲು ಕಟ್ಟೋ ತನಕ ಕೂಗಿದ್ದೂ ಆಯ್ತು. ಎರಡೂ ಕಡೆ ಕಾಲಿಟ್ಟೋನು ಅಂತಲೇ ಈ ಪ್ರಶ್ನೆ ನನ್ನ ಹತ್ರ ಬಂದಿರೋದು ಅನ್ಸತ್ತೆ.

ಮಗ ಹೇಳಿದ್ದು ನಿಜ, ಅದು ಫಿಲಾಸಫಿ ಆಲ್ಬಮ್ಮೇ. "ನಿಂಗೆ ಗೊತ್ತಾಗಲ್ಲ" ಅಂದಿದ್ದು ಮಾತ್ರ ಸುಳ್ಳು, ನಿಮಗೆ ಅವನಿಗಿಂತ ಚೆನ್ನಾಗೇ ಗೊತ್ತಾಗತ್ತೆ, ಯಾಕೆ ಅಂತ ಕೆಳಗೆ ಹೇಳ್ತೀನಿ. ಹೆದರಿಕೆ ವಿಷಯ ಕೊನೇಲಿ ಮಾತಾಡೋಣ.

ಮೊದಲು ಇವ್ರು ಯಾರು ಅಂತ. ಗೋಥೆನ್‌ಬರ್ಗ್ ಅಂತ ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರು ಊರು, ಅಲ್ಲಿ 1990ರಲ್ಲಿ ಹುಡುಗರು ಸೇರಿ ಮಾಡಿದ ಬ್ಯಾಂಡ್ ಇದು. ಟೋಮಾಸ್ ಲಿಂಡ್‌ಬರ್ಗ್ ಹಾಡೋರು, ಆಂಡರ್ಸ್ ಮತ್ತು ಯೋನಾಸ್ ಬ್ಯೋರ್ಲರ್ ಅಂತ ಅವಳಿ ಅಣ್ತಮ್ಮಂದಿರು ಗಿಟಾರ್ ಬೇಸ್, ಏಡ್ರಿಯನ್ ಅರ್ಲಂಡ್‌ಸನ್ ಡ್ರಮ್ಸ್. ಇವರ ಈ ಥರದ ಗುರುಗುಟ್ಟೋ ದನಿಯ ಜೋರು ಗಿಟಾರ್ ಸಂಗೀತಕ್ಕೆ ಡೆತ್ ಮೆಟಲ್ ಅಂತಾರೆ, ಅದು ಹುಟ್ಟಿದ್ದು ಅಮೆರಿಕದಲ್ಲಿ, ಅದೂ ಮುಖ್ಯವಾಗಿ ಫ್ಲೋರಿಡಾದಲ್ಲಿ, ಬಿಸಿಲಿರೋ ಊರಲ್ಲಿ. ಅದು ಸ್ವೀಡನ್ನಿಗೆ ಬಂದು ಎರಡು ಕವಲಾಯ್ತು. ಸ್ಟಾಕ್‌ಹೋಮಿನವರದ್ದು ಗರಗಸದ ಥರ ಗರ್ ಅನ್ನೋ ಗಿಟಾರ್, ಬಾಸ್ ಕಂಪನಿಯ ಎಚ್ಎಂ-2 ಅನ್ನೋ, ಗಿಟಾರ್ ಸೌಂಡ್ ಬದಲಾಯಿಸೋ ಸಣ್ಣ ಪೆಡಲ್‌ನ ಎಲ್ಲಾ ತಿರುಗಣೆಗಳನ್ನೂ ಫುಲ್ ತಿರುಗಿಸಿ ಇಟ್ರೆ ಬರೋ ಸೌಂಡು. ಗೋಥೆನ್‌ಬರ್ಗಿನವರು ಆ ಗಲಾಟೆ ಒಳಗೇ ರಾಗ ತಂದ್ರು, ಎರಡು ಗಿಟಾರ್ ಜೋಡಿಯಾಗಿ ಹಾಡೋ ಥರ. ಊರಿಗೆ ಒಂದು ಮುನಿಸಿಪಲ್ ಮ್ಯೂಸಿಕ್ ಸ್ಕೂಲು, ಕಮ್ಮಿ ದುಡ್ಡಿಗೆ ಪಾಠ, ರಿಹರ್ಸಲ್ಲಿಗೆ ಜಾಗ ಕೊಡೋ ಸಂಘಗಳು ಇರೋ ದೇಶ ಅದು, ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೇ ಕತ್ತಲೆ, ಹುಡುಗರು ಇನ್ನೇನ್ ಮಾಡ್ತಾರೆ ಹೇಳಿ.

1995ರಲ್ಲಿ ಸ್ಲಾಟರ್ ಆಫ್ ದಿ ಸೋಲ್ ಅಂತ ಆಲ್ಬಂ ತಂದ್ರು, 35 ನಿಮಿಷವೂ ಇಲ್ಲ, ಆದ್ರೆ ಆಮೇಲೆ ಬಂದ ಅಮೆರಿಕದ ಎಷ್ಟೋ ಬ್ಯಾಂಡ್‌ಗಳು ಅದರಿಂದಲೇ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಕಡ ತಗೊಂಡು ಬದುಕಿದ್ವು. ಮಾರನೇ ವರ್ಷವೇ ಬ್ಯಾಂಡ್ ಒಡೀತು. 2008ರಲ್ಲಿ ಮತ್ತೆ ಸ್ಟೇಜ್ ಹತ್ತಿದ್ರು, 2014ರಲ್ಲಿ ಹೊಸ ಆಲ್ಬಂ, ಹತ್ತೊಂಬತ್ತು ವರ್ಷ ಬಿಟ್ಟು. ಇಲ್ಲಿ ನಿಮಗೆ ಇಷ್ಟ ಆಗೋ ಒಂದು ವಿಷಯ ಹೇಳ್ತೀನಿ, ನಿಮ್ಮ ಮಗನ ರೂಮಿಂದ ಕಿರುಚೋ ಆ ದನಿಯ ಮನುಷ್ಯ ಬ್ಯಾಂಡ್ ಜೊತೆಜೊತೆಗೇ ಸ್ಕೂಲಲ್ಲಿ ಮಕ್ಕಳಿಗೆ ಪಾಠ ಮಾಡ್ತಿದ್ದ ಮೇಷ್ಟ್ರು, ಸಮಾಜ ವಿಜ್ಞಾನ.

ಆ ಕಿರುಚಾಟದ ಬಗ್ಗೆ ಎರಡು ಮಾತು. ನಮ್ಮ ಗಂಟಲಲ್ಲಿ ಮಾತಾಡೋ ಸ್ವರತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆ ಇರತ್ತೆ, ಸುಳ್ಳು ಸ್ವರತಂತು ಅಂತಾರೆ, ಸಾಮಾನ್ಯವಾಗಿ ಮಾತಾಡುವಾಗ ಅದಕ್ಕೆ ಕೆಲಸ ಇಲ್ಲ. ಹೊಟ್ಟೆಯಿಂದ ಉಸಿರು ಹಿಡಿತದಲ್ಲಿ ಬಿಟ್ಟು ಅದನ್ನ ಅದುರಿಸಿದ್ರೆ ಈ ಗುರುಗುಟ್ಟೋ ದನಿ ಬರತ್ತೆ. ತಪ್ಪಾಗಿ ಮಾಡಿದೋನಿಗೆ ಒಂದೇ ವಾರದಲ್ಲಿ ಗಂಟಲು ಹೋಗತ್ತೆ, ಸರಿಯಾಗಿ ಮಾಡಿದೋನು ದಿನಾ ಒಂದೂವರೆ ಗಂಟೆ ಹಾಗೇ ಹಾಡಿ ಮೂವತ್ತು ವರ್ಷ ದುಡೀತಾನೆ. ಅಂದ್ರೆ ಅದು ಸಾಧಕ, ಸಿಟ್ಟು ಬಂದು ಅರಚೋದಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆ ಹಿಂದಿಂದ ಅಬ್ಬರ ಕೊಡ್ತಾ ಬರತ್ತಲ್ಲ, ಆಗ ಯಾರಾದ್ರೂ ಈ ಕಲಾವಿದನಿಗೆ ಮನೇಲಿ ಏನೋ ತೊಂದ್ರೆ ಇರ್ಬೇಕು ಅಂತಾರಾ? ಅನ್ನಲ್ಲ, ವೇಷಕ್ಕೆ ತಕ್ಕ ದನಿ ಅಂತ ಗೊತ್ತು. ಲಿಂಡ್‌ಬರ್ಗ್ ದನಿ ಬೇರೆ ಡೆತ್ ಮೆಟಲ್‌ನವರ ಥರ ಬಾವಿ ತಳದಿಂದ ಬರೋದಲ್ಲ, ಮೇಲಿನ ಸ್ಥಾಯಿ, ಒಡೆದ ಗಾಜಿನ ಥರ, ಯಾರೋ ತುರ್ತಾಗಿ ಏನೋ ಹೇಳೋಕೆ ಓಡಿ ಬಂದಂಗೆ. ಮಾತು ಗೊತ್ತಾಗಲ್ಲ ನಿಜ, ಅದಕ್ಕೇ ಈ ಸಂಗೀತದ ಅಭಿಮಾನಿಗಳು ಲಿರಿಕ್ಸ್ ಇಟ್ಕೊಂಡು ಓದ್ತಾ ಕೇಳೋದು. ನೀವೂ ಅದನ್ನೇ ಮಾಡಿದ್ದು, ನೋಡಿ.

ಈಗ ಪುಸ್ತಕದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಮೇಷ್ಟ್ರಿಗೆ ಪ್ರತಿ ಆಲ್ಬಮ್ಮಿಗೂ ಒಂದು ಓದಿನ ಪಟ್ಟಿ ಇಟ್ಕೊಳ್ಳೋ ಅಭ್ಯಾಸ. 2014ರದ್ದು ಲ್ಯಾಟಿನ್ ಅಮೆರಿಕದ ಮ್ಯಾಜಿಕ್ ರಿಯಲಿಸಂ ಬರಹಗಾರರ ಸುತ್ತ, ಅಂದ್ರೆ ದಿನನಿತ್ಯದ ಬದುಕಿನೊಳಗೇ ಮಾಯೆ ಬೆರೆಸಿ ಕಥೆ ಹೇಳೋರು. 2018ರದ್ದು ಪೀಟರ್ ವೈಸ್ ಅನ್ನೋ ಲೇಖಕನ ಮೂರು ಸಂಪುಟದ ಕಾದಂಬರಿ ಸುತ್ತ, ನಾಜಿಗಳ ಕಾಲದಲ್ಲಿ ಓಡಿಬಂದು ಸ್ವೀಡನ್ ಸೇರಿದ ಮನುಷ್ಯ ಆತ. ಆ ಕಾದಂಬರಿ ಶುರುವಾಗೋದೇ ಬರ್ಲಿನ್ನಿನ ಮ್ಯೂಸಿಯಮ್ಮಲ್ಲಿ ಪೆರ್ಗಮಾನ್ ಅನ್ನೋ ಹಳೇ ಗ್ರೀಕ್ ಬಲಿಪೀಠದ ಶಿಲ್ಪ ನೋಡ್ತಾ ನಿಂತ ಕಾರ್ಮಿಕ ಹುಡುಗರಿಂದ, ಕಲೆ ಅನ್ನೋದು ದಬ್ಬಾಳಿಕೆ ಎದುರಿಸೋಕೆ ಆಗತ್ತಾ ಅನ್ನೋ ಪ್ರಶ್ನೆ. ಇದಾದ ಮೇಲೆ ಜುಲೈ 2021ರಲ್ಲಿ ಬಂದಿದ್ದು ನಿಮ್ಮ ಮಗ ಕೇಳ್ತಿರೋದು. ಹತ್ತು ಹಾಡು, ಮುಕ್ಕಾಲು ಗಂಟೆ. ಈ ಸಲದ ಓದು ನಿರಾಶಾವಾದ. ಥಾಮಸ್ ಲಿಗೊಟ್ಟಿ ಅನ್ನೋ ಅಮೆರಿಕದ ಹಾರರ್ ಕಥೆಗಾರ 2010ರಲ್ಲಿ ಈ ವಿಚಾರದ ಮೇಲೆ ಒಂದು ಪುಸ್ತಕ ಬರೆದಿದ್ದ, ಅದರಿಂದ ಶುರುವಾಗಿ ಲಿಂಡ್‌ಬರ್ಗ್ ಹಿಂದಕ್ಕೆ ಹಿಂದಕ್ಕೆ ಹೋಗಿ ಸಿಯೊರಾನ್ (ರೊಮೇನಿಯಾದಲ್ಲಿ ಹುಟ್ಟಿ ಫ್ರೆಂಚಲ್ಲಿ ಬರೆದ ಚಿಂತಕ), ಜಾಪ್ಫೆ, ಶೋಪೆನ್‌ಹೌವರ್ ತನಕ ಓದ್ಕೊಂಡು ಹೋದ.

ಇವರಲ್ಲಿ ನೀವು ಒಬ್ಬರನ್ನ ತಿಳ್ಕೊಂಡ್ರೆ ಸಾಕು, ಪೀಟರ್ ವೆಸೆಲ್ ಜಾಪ್ಫೆ. ನಾರ್ವೆಯವನು, ಉತ್ತರ ಧ್ರುವ ಪ್ರದೇಶದ ಟ್ರೋಮ್ಸೊ ಅನ್ನೋ ಊರಲ್ಲಿ 1899ರಲ್ಲಿ ಹುಟ್ಟಿದ್ದು, ಲಾಯರು, ಬೆಟ್ಟ ಹತ್ತೋ ಹುಚ್ಚಿನೋನು, ತಮಾಷೆ ಬರಹಕ್ಕೂ ಹೆಸರಾದೋನು. 1933ರಲ್ಲಿ ಒಂದು ಚಿಕ್ಕ ಪ್ರಬಂಧ ಬರೆದ, ಕೆಲವೇ ಪುಟ. ಅದರಲ್ಲಿ ಒಂದು ಹೋಲಿಕೆ ಕೊಡ್ತಾನೆ. ಹಿಂದೆ ಒಂದು ಜಾತಿ ದೊಡ್ಡ ಜಿಂಕೆ ಇತ್ತು, ಕೊಂಬುಗಳ ಅಗಲ ಮೂರೂವರೆ ಮೀಟರ್ ತನಕ, ಆ ಕೊಂಬಿನ ಭಾರಕ್ಕೇ ಅದು ನೆಲಕಚ್ಚಿ ಅಳಿದುಹೋಯ್ತು ಅಂತ. (ಇವತ್ತಿನ ವಿಜ್ಞಾನಿಗಳು ಅಷ್ಟು ಸುಲಭದ ಕಾರಣ ಒಪ್ಪಲ್ಲ, ಹವಾಮಾನ, ಮೇವು, ಬೇಟೆ ಎಲ್ಲಾ ಹೇಳ್ತಾರೆ, ಇರ್ಲಿ, ಹೋಲಿಕೆ ಚೆನ್ನಾಗಿದೆ.) ಮನುಷ್ಯನಿಗೆ ಪ್ರಜ್ಞೆ ಅನ್ನೋದು ಆ ಕೊಂಬಿನ ಥರ, ಬದುಕೋಕೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಬೆಳೆದುಬಿಟ್ಟಿದೆ ಅಂತಾನೆ ಜಾಪ್ಫೆ. ಹಸುಗೆ ಹಸಿವಾಗತ್ತೆ, ನೋವಾಗತ್ತೆ, ಆದ್ರೆ ರಾತ್ರಿ ಎರಡು ಗಂಟೆಗೆ ಎದ್ದು ಕೂತ್ಕೊಂಡು ನಾನು ಒಂದಿನ ಸಾಯ್ತೀನಲ್ಲಾ, ಇದಕ್ಕೆಲ್ಲ ಏನರ್ಥ ಅಂತ ಅದು ಕೇಳಲ್ಲ. ನಾವು ಕೇಳ್ತೀವಿ, ಉತ್ತರ ಸಿಗಲ್ಲ.

ಮತ್ತೆ ಯಾಕೆ ಎಲ್ಲರಿಗೂ ಹುಚ್ಚು ಹಿಡಿದಿಲ್ಲ? ಜಾಪ್ಫೆ ಪ್ರಕಾರ ನಾವು ನಾಲ್ಕು ಉಪಾಯ ಮಾಡ್ಕೊಂಡಿದೀವಿ. ಮೊದಲನೇದು ಆ ಮಾತೇ ಎತ್ತದೆ ಇರೋದು. ನಮ್ಮಲ್ಲಿ ಮಗು ಏನಾದ್ರೂ "ಅಜ್ಜಿ ನೀನು ಯಾವಾಗ ಸಾಯ್ತೀಯ" ಅಂದ್ರೆ ಥಟ್ಟಂತ "ಬಿಡ್ತು ಅನ್ನು" ಅಂತೀವಲ್ಲ, ಅದೇ ಅದು, ಜಾಪ್ಫೆಗೆ ಕನ್ನಡ ಬಂದಿದ್ರೆ ಅದೇ ಉದಾಹರಣೆ ಕೊಡ್ತಿದ್ದ. ಎರಡನೇದು ಗೂಟ. ಅವನ ಮಾತು ಲಂಗರು ಅಂತ, ಕಡಲ ಸೀಮೆಯವನಲ್ವಾ, ನಮಗೆ ಗೂಟ ಸರಿಹೋಗತ್ತೆ. ಮನೆ, ಮನೆತನ, ದೇವರು, ಕೆಲಸ, ಸೈಟು, ಮಕ್ಕಳ ಮದುವೆ, ಒಂದು ಗೂಟಕ್ಕೆ ಕಟ್ಕೊಂಡ್ರೆ ಹಗ್ಗದ ಉದ್ದಕ್ಕೆ ಮೇಯ್ಕೊಂಡು ಇರಬಹುದು, ದೂರ ನೋಡೋ ಅಗತ್ಯ ಇಲ್ಲ. ಮೂರನೇದು ಮನಸ್ಸು ಬೇರೆ ಕಡೆ ತಿರುಗಿಸ್ತಾ ಇರೋದು, ಅದು ನಿಮಗೆ ವಿವರಿಸಬೇಕಾಗಿಲ್ಲ, ಎಲ್ಲರ ಕೈಯಲ್ಲೂ ಇದೆ, ಬೆರಳಲ್ಲಿ ಮೇಲಕ್ಕೆ ತಳ್ತಾ ಇರ್ತೀವಿ. ನಾಲ್ಕನೇದು ಅಪರೂಪದ್ದು, ಆ ಭಯವನ್ನೇ ಎದುರಿಗಿಟ್ಕೊಂಡು ಅದರಿಂದ ಏನಾದ್ರೂ ಮಾಡೋದು, ಪದ್ಯ, ನಾಟಕ, ಚಿತ್ರ, ಹಾಡು.

ಇಲ್ಲಿ ನನಗೆ ಬಹಳ ಇಷ್ಟದ ಜಾಗ. ಆ ಪ್ರಬಂಧದಲ್ಲೇ ಜಾಪ್ಫೆ ಒಂದು ಮಾತು ಸೇರಿಸ್ತಾನೆ, ನಾನೀಗ ಬರೀತಿರೋ ಇದೂ ನಾಲ್ಕನೇ ಥರದ್ದೇ, ಬರೆಯೋನಿಗೆ ಈಗ ಏನೂ ಸಂಕಟ ಇಲ್ಲ, ಅವನು ಪುಟ ತುಂಬಿಸ್ತಿದಾನೆ, ಪತ್ರಿಕೇಲಿ ಬರತ್ತೆ ಅಂತ ಕೂತಿದಾನೆ, ಅನ್ನೋ ಅರ್ಥದಲ್ಲಿ. ಎಂಥಾ ಆಸಾಮಿ ನೋಡಿ. ಬದುಕೇ ಒಂದು ಎಡವಟ್ಟು ಅಂತ ವಾದ ಮಾಡಿದ ಈ ಮನುಷ್ಯ ಬೆಟ್ಟ ಹತ್ತಿಕೊಂಡು, ಜೋಕ್ ಬರ್ಕೊಂಡು 1990ರ ತನಕ ಬದುಕಿದ, ತೊಂಬತ್ತು ವರ್ಷ. ಮಕ್ಕಳು ಬೇಡ ಅಂತ ಮಾತ್ರ ತೀರ್ಮಾನ ಮಾಡಿದ್ದ, ಆ ವಿಷಯದಲ್ಲಿ ಮಾತಿಗೆ ತಪ್ಪಲಿಲ್ಲ.

ನಿಮಗೆ ಮಗನಿಗಿಂತ ಚೆನ್ನಾಗಿ ಗೊತ್ತಾಗತ್ತೆ ಅಂದೆನಲ್ಲ, ಅದು ಇದಕ್ಕೆ. ಇವರೆಲ್ಲರ ಹಿಂದೆ ನಿಂತಿರೋನು ಶೋಪೆನ್‌ಹೌವರ್, ಜರ್ಮನಿಯವನು, 1788ರಿಂದ 1860. ಅವನ ಮೇಜಿನ ಮೇಲೆ ಇರ್ತಿದ್ದಿದ್ದು ನಮ್ಮ ಉಪನಿಷತ್ತು. ಅದು ಅಲ್ಲಿಗೆ ಹೋದ ದಾರಿ ಬೇರೆ ಒಂದು ಕಥೆ, ಷಹಜಹಾನನ ಮಗ ದಾರಾ ಶಿಕೋ 1657ರಲ್ಲಿ ಪಂಡಿತರನ್ನ ಕೂರಿಸಿಕೊಂಡು ಐವತ್ತು ಉಪನಿಷತ್ತುಗಳನ್ನ ಪರ್ಷಿಯನ್ನಿಗೆ ತಂದ, ಅದನ್ನ ಫ್ರಾನ್ಸಿನ ಆಂಕೆಟಿಲ್ ದುಪೆರಾನ್ ಲ್ಯಾಟಿನ್ನಿಗೆ ತಂದ, ಆ ಲ್ಯಾಟಿನ್ ಪುಸ್ತಕ ಶೋಪೆನ್‌ಹೌವರ್ ಕೈಗೆ ಸಿಕ್ತು. ನನ್ನ ಬದುಕಿಗೆ ಇದೇ ಸಮಾಧಾನ, ಸಾವಿಗೂ ಇದೇ ಅಂತ ಬರೆದಿಟ್ಟ. ಸಾಕಿದ ಪೂಡಲ್ ನಾಯಿಗಳಿಗೆ ಆತ್ಮ ಅಂತ ಹೆಸರಿಟ್ಟಿದ್ದ, ಒಂದು ಸತ್ರೆ ಇನ್ನೊಂದಕ್ಕೂ ಅದೇ ಹೆಸರು. ಹಾಗಾಗಿ ನೀವು ಆ ಲಿರಿಕ್ಸಲ್ಲಿ ಓದಿ ಬೆಚ್ಚಿಬಿದ್ದ ವಿಷಯ ಯಾವುದೋ ಸ್ವೀಡನ್ ಹುಡುಗರ ಕಿತಾಪತಿ ಅಂದ್ಕೋಬೇಡಿ, ಸಂಸಾರ ದುಃಖಮಯ, ಆಸೆಯೇ ಮೂಲ, ಮತ್ತೆ ಹುಟ್ಟದ ಹಾಗೆ ಮಾಡಪ್ಪಾ ಅಂತ ದಿನಾ ಕೈ ಮುಗಿಯೋ ಜನ ನಾವು. ಮತ್ತೆ ಹುಟ್ಟದೇ ಇರೋದನ್ನೇ ದೊಡ್ಡ ಪುರುಷಾರ್ಥ ಅಂತ ಇಟ್ಕೊಂಡಿರೋ ಮನೆತನದ ಅಮ್ಮನಿಗೆ "ನಿಂಗೆ ಗೊತ್ತಾಗಲ್ಲ" ಅಂತಾನಲ್ಲ ಆ ಹುಡುಗ!

ಆದ್ರೆ ಎರಡೂ ಒಂದೇ ಅಂತ ನಾನು ಹೇಳಲ್ಲ, ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸೋರು ಬೇಕಾದಷ್ಟು ಜನ ಇದಾರೆ. ನಮ್ಮಲ್ಲಿ ದುಃಖ ಇದೆ ಅಂದ ಮೇಲೆ ದಾರಿನೂ ಇದೆ ಅಂತಾರೆ, ಮೋಕ್ಷ ಅನ್ನಿ ನಿರ್ವಾಣ ಅನ್ನಿ. ಶೋಪೆನ್‌ಹೌವರ್ ಕೂಡ ಅರ್ಧ ಬಾಗಿಲು ತೆಗೆದಿಟ್ಟ, ಸಂಗೀತ ಕೇಳುವಾಗ ಸ್ವಲ್ಪ ಹೊತ್ತು ಆಸೆಯ ಕಾಟ ನಿಲ್ಲತ್ತೆ ಅಂತ, ಕಲೆಗಳಲ್ಲೆಲ್ಲ ಸಂಗೀತಕ್ಕೇ ಮೇಲಿನ ಜಾಗ ಕೊಟ್ಟ. ಜಾಪ್ಫೆ, ಸಿಯೊರಾನ್ ಹತ್ರ ಬಂದ್ರೆ ಬಾಗಿಲೇ ಇಲ್ಲ, ಗೋಡೆಯನ್ನ ಎಷ್ಟು ಚೆನ್ನಾಗಿ ವರ್ಣಿಸಬಹುದು ಅನ್ನೋದಷ್ಟೇ ಉಳಿದಿರೋದು. ಆಲ್ಬಂ ನಿಂತಿರೋದು ಈ ಕಡೆ.

ಹಾಗಾದ್ರೆ ಆಲ್ಬಂ ಫಿಲಾಸಫಿನಾ? ಮೇಷ್ಟ್ರಾಗಿ ಹೇಳೋದಾದ್ರೆ ವಾದ ಅಂತ ನೋಡಿದ್ರೆ ಅದು ತೆಳು. ಹಾಡಲ್ಲಿ ಆಕ್ಷೇಪ ಇಲ್ಲ, ಸಮಾಧಾನ ಇಲ್ಲ, ಇದನ್ನ ಯಾರಾದ್ರೂ ಒಪ್ಪದಿದ್ರೆ ಏನು ಅನ್ನೋ ಪ್ರಶ್ನೆ ಇಲ್ಲ. ಕೆಲವು ಹಾಡುಗಳ ಸಾಲು ಓದಿದ್ರೆ ಪರೀಕ್ಷೆಗೆ ಮುಂಚೆ ಹುಡುಗರು ಮಾಡ್ಕೊಂಡಿರೋ ನೋಟ್ಸ್ ಥರ, ಶೂನ್ಯ, ಅನಂತ, ಕತ್ತಲೆ ಅಂತ ಭಾರದ ಪದಗಳನ್ನ ಒಂದರ ಮೇಲೊಂದು ಪೇರಿಸಿರ್ತಾರೆ. ಹಾಡಿನ ಹೆಸರುಗಳಂತೂ ಲೈಬ್ರರಿ ಕಪಾಟು: ದಿ ಫಾಲ್ ಇಂಟು ಟೈಮ್ ಅನ್ನೋದು ಸಿಯೊರಾನ್ ಪುಸ್ತಕದ ಹೆಸರು, ಕಾಸ್ಮಿಕ್ ಪೆಸಿಮಿಸಂ ಯೂಜೀನ್ ಥ್ಯಾಕರ್ ಅನ್ನೋ ಅಮೆರಿಕದ ಲೇಖಕನ ಪುಸ್ತಕದ್ದು, ಗಾರ್ಡನ್ ಆಫ್ ಸೈರಸ್ 1658ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಥಾಮಸ್ ಬ್ರೌನ್ ಬರೆದ ವಿಚಿತ್ರ ಪುಸ್ತಕದ್ದು, ನಾಲ್ಕು ಮೂಲೆಗೆ ನಾಲ್ಕು ಗಿಡ ನಡುವೆ ಒಂದು ಅನ್ನೋ ನಾಟಿಯ ಲೆಕ್ಕವನ್ನ ಇಡೀ ಸೃಷ್ಟಿಯಲ್ಲಿ ಹುಡುಕ್ಕೊಂಡು ಹೋಗ್ತಾನೆ ಆತ.

ಆದ್ರೆ ಸಂಗೀತ ಶುರುವಾದ್ರೆ ಕಥೆ ಬೇರೆ. ಯೋಚನೆ ಅಲ್ಲಿದೆ, ಪದದಲ್ಲಿ ಅಷ್ಟಿಲ್ಲ. ಸ್ಪೆಕ್ಟರ್ ಆಫ್ ಎಕ್ಸ್‌ಟಿಂಕ್ಷನ್ ನಿಧಾನಕ್ಕೆ ಶುರುವಾಗಿ ಒಂದೇ ಸಲ ಮೈಮೇಲೆ ಬೀಳತ್ತೆ, ಆಂಡಿ ಲಾರಾಕ್ ಅನ್ನೋ ಹಿರಿಯ ಗಿಟಾರಿಸ್ಟ್ ಅತಿಥಿಯಾಗಿ ಬಂದು ಸೋಲೋ ಹೊಡೆದಿದಾರೆ. ಇಷ್ಟು ಅವರ ಹಳೇ ದಾರಿ. ಗಾರ್ಡನ್ ಆಫ್ ಸೈರಸ್‌ಗೆ ಬಂದ್ರೆ ಡೆತ್ ಮೆಟಲ್ ಆಲ್ಬಮ್ಮಲ್ಲಿ ಸ್ಯಾಕ್ಸೋಫೋನ್! ನಮಗೆ ಸ್ಯಾಕ್ಸೋಫೋನ್ ಅಂದ್ರೆ ಕದ್ರಿ ಗೋಪಾಲನಾಥರು, ಮಂಗಳಕರ, ಆದ್ರೆ ಇಲ್ಲಿ ಅದು ದಾರಿ ತಪ್ಪಿದ ಮನುಷ್ಯ ಗೊಣಗೋ ಥರ. 1970ರ ಆಸುಪಾಸಿನ ಕಿಂಗ್ ಕ್ರಿಮ್ಸನ್ ಅನ್ನೋ ಇಂಗ್ಲಿಷ್ ಬ್ಯಾಂಡಿನ ನೆರಳು ಅದು, ಲಿಂಡ್‌ಬರ್ಗ್ ಆ ಬ್ಯಾಂಡಿನ ದೊಡ್ಡ ಅಭಿಮಾನಿ, 2019ರಲ್ಲಿ ನೆದರ್ಲೆಂಡ್ಸಿನ ರೋಡ್‌ಬರ್ನ್ ಉತ್ಸವಕ್ಕೆ ಯಾವ್ಯಾವ ಬ್ಯಾಂಡ್ ಕರೀಬೇಕು ಅಂತ ಆರಿಸೋ ಕೆಲಸ ಇವರಿಗೇ ಕೊಟ್ಟಿದ್ರು, ಆಗ ಸ್ಟೇಜ್ ಮೇಲೆ ಕ್ರಿಮ್ಸನ್ ಹಾಡನ್ನೂ ನುಡಿಸಿದ್ರು. ದಿ ಫಾಲ್ ಇಂಟು ಟೈಮ್ ಹೆಚ್ಚುಕಮ್ಮಿ ಏಳು ನಿಮಿಷ, ಆರ್ಕೆಸ್ಟ್ರಾ ಜೊತೆ. ಕಾಸ್ಮಿಕ್ ಪೆಸಿಮಿಸಂ ಅನ್ನೋದರಲ್ಲಿ ಡ್ರಮ್ಸ್ ಬೇಸ್ ಒಂದೇ ಲಯ ಹಿಡಿದು ಸುಮ್ನೆ ಹೋಗ್ತಾ ಇರತ್ತೆ, ಮೇಲೆ ಮಾತು, ನೀನು ಇದ್ರೂ ಅಷ್ಟೇ ಇಲ್ಲದಿದ್ರೂ ಅಷ್ಟೇ ಅಂತ ಜಗತ್ತು ತನ್ನ ಪಾಡಿಗೆ ತಾನು ತಿರುಗೋ ಹಾಗೆ. ಅದನ್ನ ಕೇಳಿದ್ರೆ ಪುಸ್ತಕ ಓದೋದೇ ಬೇಡ. ನನ್ನ ಲೆಕ್ಕದಲ್ಲಿ ಇಡೀ ಆಲ್ಬಮ್ಮಲ್ಲಿ ಫಿಲಾಸಫಿ ಅಂತ ಗೆದ್ದಿರೋದು ಇಂಥಾ ಕೆಲವೇ ಹಾಡು, ಉಳಿದವು ಒಳ್ಳೇ ಡೆತ್ ಮೆಟಲ್, ಅದೇನು ಕಮ್ಮಿ ಅಲ್ಲ ಬಿಡಿ.

ಇನ್ನೊಂದು ವಿಷಯ. ಬದುಕಿಗೆ ಅರ್ಥ ಇಲ್ಲ ಅಂತ ಹೇಳೋಕೆ ಈ ನಡುವಯಸ್ಸಿನವರು ಎಷ್ಟು ಕಷ್ಟಪಟ್ಟಿದಾರೆ ನೋಡಿ, ಸ್ಯಾಕ್ಸೋಫೋನ್‌ನವನನ್ನ ಕರೆಸಿದ್ರು, ಆರ್ಕೆಸ್ಟ್ರಾ ಬರೆಸಿದ್ರು, ಗಿಟಾರ್ ಟೋನ್ ಸರಿ ಬರ್ಲಿಲ್ಲ ಅಂತ ದಿನಗಟ್ಟಲೆ ಕೂತಿರ್ತಾರೆ. ನಿಜವಾಗ್ಲೂ ಎಲ್ಲಾ ವ್ಯರ್ಥ ಅಂತ ಕೈ ಚೆಲ್ಲಿದೋನು ಹಾಸಿಗೆಯಿಂದಲೇ ಏಳಲ್ಲ ಅಕ್ಕ. ಲಿಂಡ್‌ಬರ್ಗ್ ಕೂಡ ಸಂದರ್ಶನಗಳಲ್ಲಿ ಇದು ಕತ್ತಲೆಯ ಆಲ್ಬಂ ಹೌದು, ಆದ್ರೆ ನೆಗೆಟಿವ್ ಅಲ್ಲ ಅನ್ನೋ ಥರದ ಮಾತೇ ಆಡಿದ್ರು.

ಆಡಿದ್ರು ಅಂದೆ, ಯಾಕಂದ್ರೆ ಈಗ ಅವರಿಲ್ಲ. ಬಾಯಿಯ ಒಂದು ಅಪರೂಪದ ಕ್ಯಾನ್ಸರ್, ದನಿಯನ್ನೇ ನಂಬಿದ ಮನುಷ್ಯನಿಗೆ. 16 ಸೆಪ್ಟೆಂಬರ್ 2025, ಇನ್ನೊಂದು ತಿಂಗಳಿಗೆ 53 ತುಂಬ್ತಿತ್ತು. ಆಪರೇಷನ್‌ಗೆ ಮುಂಚೆ ಸ್ಟುಡಿಯೋಗೆ ಹೋಗಿ ಮುಂದಿನ ಆಲ್ಬಮ್ಮಿನ ಹಾಡುಗಳಿಗೆ ದನಿ ಕೊಟ್ಟು ಬಂದಿದ್ರು, ದಿ ಘೋಸ್ಟ್ ಆಫ್ ಎ ಫ್ಯೂಚರ್ ಡೆಡ್ ಅಂತ ಅದರ ಹೆಸರು, ನಡುವೆ ಬಿಟ್ಟುಹೋಗಿದ್ದ ಆಂಡರ್ಸ್ ಬ್ಯೋರ್ಲರ್ ಕೂಡ ಅದಕ್ಕೆ ವಾಪಸ್ ಬಂದಿದ್ರು. ಸುದ್ದಿ ಓದಿದ ದಿನ ನಾನು ಸ್ಟಾಫ್ ರೂಮಲ್ಲಿ ಒಬ್ಬನೇ ಇದ್ದೆ, ಯಾರಿಗೆ ಹೇಳೋದು, ಹೇಳಿದ್ರೆ ಯಾರದು ಅಂತಾರೆ. ಇಯರ್‌ಫೋನ್ ಹಾಕ್ಕೊಂಡು ಗಾರ್ಡನ್ ಆಫ್ ಸೈರಸ್ ಕೇಳಿ ಮುಂದಿನ ಕ್ಲಾಸಿಗೆ ಹೋದೆ. ನಿಮ್ಮ ಮಗನೂ ಅವತ್ತು ಊಟಕ್ಕೆ ಕೂತಾಗ ಸುಮ್ನಿದ್ದಿರಬಹುದು, ನಿಮಗೆ ಕಾರಣ ಗೊತ್ತಾಗಿರಲ್ಲ.

ಈಗ ಹೆದರಿಕೆ ವಿಷಯ. ನಿರಾಶಾವಾದ ಅನ್ನೋದು ಒಂದು ವಿಚಾರ, ಡಿಪ್ರೆಶನ್ ಅನ್ನೋದು ಕಾಯಿಲೆ, ಒಂದನ್ನ ಕೇಳಿಸ್ಕೊಂಡ ಮಾತ್ರಕ್ಕೆ ಇನ್ನೊಂದು ಬಂದುಬಿಡಲ್ಲ. ಇಂಥಾ ಹಾಡು ಕೇಳಿ ಹಗುರಾಗೋ ಹುಡುಗರನ್ನ ನಾನು ಬೇಕಾದಷ್ಟು ನೋಡಿದೀನಿ, ಒಳಗಿರೋ ಗಲಾಟೆಗಿಂತ ಹೊರಗಿನ ಗಲಾಟೆ ಜೋರಾದ್ರೆ ಸ್ವಲ್ಪ ಹೊತ್ತು ಸಮಾಧಾನ. ಹಾಗಾಗಿ ಲಿರಿಕ್ಸ್ ನೋಡ್ಬೇಡಿ, ಹುಡುಗನ್ನ ನೋಡಿ. ನಿದ್ದೆ ಪೂರ್ತಿ ಕೆಟ್ಟಿದ್ಯಾ, ಊಟ ಬಿಟ್ಟಿದಾನಾ, ಫ್ರೆಂಡ್ಸ್ ಜೊತೆ ಮಾತು ನಿಂತಿದ್ಯಾ, ಮುಂಚೆ ಇಷ್ಟ ಇದ್ದ ಕೆಲಸಗಳು ಬೇಡ ಆಗಿದ್ಯಾ, ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ಯಾ. ಇದ್ರೆ, ಅಥವಾ ನಾನಿರಬಾರದಿತ್ತು ಅನ್ನೋ ಮಾತು ಹಾಡಿಂದಲ್ಲದೆ ಅವನ ಬಾಯಿಂದ ತನ್ನ ಬಗ್ಗೆಯೇ ಬಂದ್ರೆ, ತಡ ಮಾಡಬೇಡಿ, ಅವನನ್ನ ನೇರವಾಗಿ ಕೇಳಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಸಿಗತ್ತೆ, ದುಡ್ಡಿಲ್ಲ, ಹಗಲು ರಾತ್ರಿ ಇರ್ತಾರೆ, ಕನ್ನಡದಲ್ಲೇ ಮಾತಾಡ್ಬೋದು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ಇದ್ಯಾವುದೂ ಇಲ್ಲ, ತಿಂಡಿಗೆ ಕರೆದ್ರೆ ಬರ್ತಾನೆ, ದೋಸೆ ಇನ್ನೊಂದು ಕೇಳ್ತಾನೆ, ತಂಗಿ ಜೊತೆ ಜಗಳ ಆಡ್ತಾನೆ ಅಂದ್ರೆ ನಿಮ್ಮ ಹುಡುಗ ಸರಿಯಾಗೇ ಇದಾನೆ.

ಹೆಡ್‌ಫೋನ್ ವಾಲ್ಯೂಮ್ ವಿಷಯದಲ್ಲಿ ಮಾತ್ರ ಬೈರಿ, ಕಿವಿ ಹೋದ್ರೆ ವಾಪಸ್ ಬರಲ್ಲ, ನನ್ನ ಎಡಗಿವೀಲಿ ಈಗ ಸದಾ ಒಂದು ಜೀರುಂಡೆ ಕೂತಿರತ್ತೆ. ಮತ್ತೆ ಒಂದು ಸಂಜೆ ಬಾಗಿಲು ತಟ್ಟಿ "ಆ ಸ್ಯಾಕ್ಸೋಫೋನ್ ಇರೋ ಹಾಡು ಹಾಕೋ" ಅನ್ನಿ. ಅವನ ಮುಖ ಹೇಗಾಗತ್ತೆ ಅಂತ ನನಗೆ ಬರೆದು ತಿಳಿಸಿ. ಹಾಡು ಮುಗಿದ ಮೇಲೆ ದಾರಾ ಶಿಕೋ ಕಥೆ ನೀವು ಅವನಿಗೆ ಹೇಳಿ, ಅದು ಅವನಿಗೆ ಗೊತ್ತಿರಲ್ಲ.